ಮಾಲೆ ತೆಗೆದ ಮೇಲೆ ನಾವು ಯಾರು?



ಮಾಲೆ ಹಾಕಿದ 41 ದಿನ ನಮ್ಮನ್ನು ಯಾರೂ ಹೆಸರು ಹಿಡಿದು ಕರೆಯುವುದಿಲ್ಲ. ಗಾರೆ ಮೇಸ್ತ್ರಿಯೂ ಸ್ವಾಮಿ, ಆಫೀಸಿನ ಮ್ಯಾನೇಜರೂ ಸ್ವಾಮಿ, ಮೊದಲ ಸಲ ಬರುವ ಪುಟ್ಟ ಹುಡುಗನೂ ಕನ್ನಿಸ್ವಾಮಿ. ಹಾಗಾದರೆ ಕನ್ನಡಿಗ, ಇಂಥ ಊರಿನವ, ಇಂಥ ಮನೆಯವ ಎಂಬುದೆಲ್ಲ ಎಲ್ಲಿ ಹೋಯಿತು? ಕೆಲವು ಸ್ವಾಮಿಗಳು ಇದನ್ನು ನನ್ನ ಹತ್ತಿರ ಕೇಳಿದ್ದುಂಟು. ಶಬರಿಮಲೆಯ ಆಚೀಚೆ ಇರುವ ಎರಡು ನಗರಗಳಲ್ಲಿ ಇದಕ್ಕೆ ಉತ್ತರ ಇದೆ ಅನಿಸುತ್ತದೆ.

ಒಂದು ಕೊಚ್ಚಿ. 16ನೇ ಶತಮಾನದಲ್ಲಿ ಪೋರ್ಚುಗೀಸರ ಕಾಟ ತಾಳಲಾರದೆ ಗೋವಾ ಬಿಟ್ಟು ಬಂದ ಕೊಂಕಣಿ ಮಾತಿನವರ ಸಂತತಿ ಇಂದಿಗೂ ಮಟ್ಟಾಂಚೇರಿಯಲ್ಲಿದೆ. ಅಂಗಡಿಯಲ್ಲಿ ಮಲಯಾಳ, ಮನೆಯೊಳಗೆ ಕೊಂಕಣಿ. ನಾನೂರಕ್ಕೂ ಹೆಚ್ಚು ವರ್ಷ ಆ ಭಾಷೆ ಉಳಿದದ್ದು ಯಾರೋ ಹೋರಾಡಿದ್ದರಿಂದಷ್ಟೇ ಅಲ್ಲ; ಅಮ್ಮ ಮಗುವನ್ನು ಊಟಕ್ಕೆ ಕರೆಯುವಾಗ ಅದೇ ಮಾತಿನಲ್ಲಿ ಕರೆದದ್ದರಿಂದ.

ಇನ್ನೊಂದು ತಿರುವನಂತಪುರ. ಪದ್ಮನಾಭಸ್ವಾಮಿಗೆ ಪೂಜೆ ಮಾಡುವ ನಂಬಿಗಳು ಸಂಪ್ರದಾಯದಂತೆ ಬರುವುದು ಕಾಸರಗೋಡಿನ ಚಂದ್ರಗಿರಿ ಹೊಳೆಯ ಎರಡೂ ದಡಗಳ ಕಡೆಯಿಂದ. ಅಲ್ಲಿ ಆಳಿದ ಸ್ವಾತಿ ತಿರುನಾಳ್ ಮಹಾರಾಜರು (1813–1846) ಕನ್ನಡದಲ್ಲೂ ಕೀರ್ತನೆ ರಚಿಸಿದ್ದಾರೆ. ಅದರಿಂದ ಅವರ ಮಲಯಾಳಿತನ ಕಡಿಮೆಯಾಗಲಿಲ್ಲ. ನಾವು ಕಣ್ಣುಮುಚ್ಚಿ ಕೇಳುವ ‘ಹರಿವರಾಸನಂ’ ಹಾಡಿದ ಯೇಸುದಾಸ್ ಅವರು 1940ರಲ್ಲಿ ಫೋರ್ಟ್ ಕೊಚ್ಚಿಯ ಕ್ರೈಸ್ತ ಮನೆಯಲ್ಲಿ ಹುಟ್ಟಿದವರು.

ಇದರಿಂದ ನನಗೆ ತಿಳಿದದ್ದಿಷ್ಟು. ಗುರುತು ಎನ್ನುವುದು ಹಿರಿಯರು ಬಿಟ್ಟುಹೋದ ಆಸ್ತಿಯಲ್ಲ, ವ್ರತದ ಹಾಗೆ. ಬೆಳಗಿನ ತಣ್ಣೀರು ಸ್ನಾನ, ಶರಣು ಕೂಗುವುದು, ಬರಿಗಾಲ ನಡಿಗೆ, ಇವನ್ನು ಇವತ್ತು ಮಾಡಿದರೆ ಇವತ್ತಿನ ವ್ರತ ಉಂಟು. ನಿನ್ನೆಯದು ಇವತ್ತಿಗೆ ಬರುವುದಿಲ್ಲ. ಕನ್ನಡತನವೂ ಹಾಗೇ. ಗಾಡಿಗೆ ಬಾವುಟ ಕಟ್ಟುವುದು ಸಂತೋಷವೇ. ಆದರೆ ದಾರಿಯ ಹೋಟೆಲಿನ ಚೇಟನ ಮಾತನ್ನು ಅಣಕಿಸಿದರೆ ಕನ್ನಡ ಬೆಳೆಯುವುದಿಲ್ಲ. ಊರಿಗೆ ಬಂದು ಮನೆಯ ಮಗುವಿಗೆ ಕನ್ನಡದಲ್ಲಿ ಒಂದು ಕತೆ ಹೇಳಿದರೆ ಬೆಳೆಯುತ್ತದೆ.

‘ಸ್ವಾಮಿ’ ಎಂಬ ಗುರುತಿಗೂ ಇದೇ ಲೆಕ್ಕ. ವ್ರತ ಇದ್ದಾಗ ಆಟೋ ಡ್ರೈವರನ್ನು ‘ಸ್ವಾಮಿ’ ಎಂದು ಕರೆದು, ಮಾಲೆ ತೆಗೆದ ಮರುದಿನವೇ ‘ಏಯ್’ ಅಂದರೆ, ಆ 41 ದಿನ ನಾವು ಹಾಕಿದ್ದು ಬರೀ ಕಪ್ಪು ಬಟ್ಟೆ. ಸನ್ನಿಧಾನದಲ್ಲಿ ಬರೆದಿರುವ ‘ತತ್ತ್ವಮಸಿ’ಯನ್ನು ಎಲ್ಲರೂ ಓದುತ್ತೇವೆ, ಫೋಟೋ ಕೂಡ ತೆಗೆದುಕೊಳ್ಳುತ್ತೇವೆ. ಅದು ನಿಜವಾಗಬೇಕಾದದ್ದು 42ನೇ ದಿನ, ನಮ್ಮ ಬೀದಿಯಲ್ಲಿ.

ಈ ಸಲ ಮಾಲೆ ತೆಗೆಯುವಾಗ ಒಂದು ಅಭ್ಯಾಸವನ್ನಾದರೂ ಉಳಿಸಿಕೊಳ್ಳೋಣ, ಸ್ವಾಮಿಗಳೇ. ಯಾವುದೆಂದು ನಿಮ್ಮ ಗುರುಸ್ವಾಮಿಯವರನ್ನು ಕೇಳಿ.

ಸ್ವಾಮಿಯೇ ಶರಣಂ ಅಯ್ಯಪ್ಪ.