ಲಗಾಮಿಲ್ಲದ ಕುದುರೆಯ ಒಡೆಯ

ಲಂಡನ್ನಿನ ನ್ಯಾಷನಲ್ ಗ್ಯಾಲರಿಯಲ್ಲಿ ‘ವಿಸಲ್‌ಜಾಕೆಟ್’ ಎಂಬ ಕುದುರೆಯ ಚಿತ್ರವಿದೆ. ಸುಮಾರು 1762ರಲ್ಲಿ ಜಾರ್ಜ್ ಸ್ಟಬ್ಸ್ ಬರೆದದ್ದು. ಎತ್ತರ ಹತ್ತಿರಹತ್ತಿರ ಮೂರು ಮೀಟರು. ಸವಾರನಿಲ್ಲ, ಜೀನಿಲ್ಲ, ಲಗಾಮಿಲ್ಲ, ಹಿಂದೆ ಒಂದು ಮರವೂ ಇಲ್ಲ. ರಾಜರನ್ನೂ ದಂಡನಾಯಕರನ್ನೂ ಹೊತ್ತು ಸಾಕಾಗಿದ್ದ ಪ್ರಾಣಿ ಕಡೆಗೂ ತಾನೇ ಒಬ್ಬ ವ್ಯಕ್ತಿಯಾಗಿ ನಿಂತಿತು ಎಂದು ಇದನ್ನು ಕೊಂಡಾಡುವವರಿದ್ದಾರೆ. ಆ ಮಾತು ನನಗೆ ಅರ್ಧವಷ್ಟೇ ಒಪ್ಪಿಗೆ. ಕುದುರೆ ರಾಕಿಂಗ್‌ಹ್ಯಾಮಿನ ಮಾರ್ಕ್ವಿಸನ ಸ್ವತ್ತು, ಚಿತ್ರ ಬರೆಸಿದವನೂ ಅವನೇ. ಲಗಾಮನ್ನು ಬರೆಯದೆ ಬಿಟ್ಟ ಮಾತ್ರಕ್ಕೆ ಒಡೆತನ ಹೋಗುತ್ತದೆಯೇ?

ಆ ಕಾಲದ ಇಂಗ್ಲಿಷ್ ಜಮೀನ್ದಾರರಿಗೆ ಕುದುರೆಯ ಚಿತ್ರ ಒಂದು ಬಗೆಯ ಆಸ್ತಿಪತ್ರ. ಇಂದಿನ ಥರೋಬ್ರೆಡ್ ರೇಸ್ ಕುದುರೆಗಳ ಗಂಡುಸಂತತಿಯೆಲ್ಲ ಹೋಗಿ ಸೇರುವುದು ಪೂರ್ವದೇಶಗಳಿಂದ ತರಿಸಿದ ಮೂರೇ ಕುದುರೆಗಳಿಗೆ. ಅವುಗಳಲ್ಲೊಂದಾದ ಗೊಡಾಲ್ಫಿನ್ ಅರೇಬಿಯನ್ನಿನ ಮೊಮ್ಮಗ ಈ ವಿಸಲ್‌ಜಾಕೆಟ್. ವಂಶಾವಳಿಯೇ ಬೆಲೆಯಾಗಿದ್ದ ಲೋಕದಲ್ಲಿ ಮುಖಲಕ್ಷಣ ಸಿಕ್ಕಿದ್ದು ಕುಲ ಗೊತ್ತಿದ್ದ ಕುದುರೆಗೆ, ಗಾಡಿ ಎಳೆದದ್ದಕ್ಕಲ್ಲ.

ಇನ್ನು ಕಲಾವಿದನ ನೋಟ. ಚರ್ಮ ಹದಮಾಡುವವನ ಮಗನಾದ ಸ್ಟಬ್ಸ್ 1750ರ ದಶಕದ ಕೊನೆಯಲ್ಲಿ ಲಿಂಕನ್‌ಶೈರಿನ ಹಾರ್ಕ್‌ಸ್ಟೋ ಎಂಬ ಹಳ್ಳಿಯಲ್ಲಿ ಸುಮಾರು ಒಂದೂವರೆ ವರ್ಷ ಕುದುರೆಗಳನ್ನು ಕೊಯ್ದು ನೋಡುತ್ತ ಕುಳಿತ. ಕತ್ತಿನ ರಕ್ತನಾಳ ಕತ್ತರಿಸಿ ರಕ್ತ ಬಸಿಸುವುದು, ನಾಳಗಳಿಗೆ ಕರಗಿದ ಕೊಬ್ಬು ತುಂಬುವುದು, ಹೆಣವನ್ನು ನಿಂತ ಭಂಗಿಯಲ್ಲೇ ಕೊಕ್ಕೆಗಳಿಂದ ತೂಗುಹಾಕಿ ಚರ್ಮ, ಸ್ನಾಯು, ಮೂಳೆ ಎಂದು ಪದರಪದರವಾಗಿ ಬಿಡಿಸಿ ಬರೆದುಕೊಳ್ಳುವುದು. ನಾತ ಹೇಗಿದ್ದಿರಬೇಕು! 1766ರಲ್ಲಿ ಹೊರಬಂದ ‘ಕುದುರೆಯ ಅಂಗರಚನೆ’ ಪುಸ್ತಕ ಈ ಕೆಲಸದ ಫಲ. ಇದನ್ನು ಪ್ರೀತಿ ಎನ್ನಲು ನಾಲಿಗೆ ಏಳುವುದಿಲ್ಲ. ಸೂಕ್ಷ್ಮವಾಗಿ ನೋಡುವವನು ಕರುಣಾಳುವೇ ಆಗಬೇಕೆಂದಿಲ್ಲ.

ಹಾಗಾದರೆ ಆ ನೋಟದಿಂದ ಕುದುರೆಗೆ ದಕ್ಕಿದ್ದೇನು? ಸುಳ್ಳಿನಿಂದ ಬಿಡುಗಡೆ ಎನ್ನುತ್ತೇನೆ. ಇದಕ್ಕೆ ನನ್ನ ಸಾಕ್ಷಿ ‘ಹ್ಯಾಂಬಲ್ಟೋನಿಯನ್, ಮೈ ಒರೆಸುವಿಕೆ’ ಎಂಬ ಚಿತ್ರ. 1799ರಲ್ಲಿ ನ್ಯೂಮಾರ್ಕೆಟ್ಟಿನಲ್ಲಿ ಹ್ಯಾಂಬಲ್ಟೋನಿಯನ್ನಿಗೂ ಡೈಮಂಡ್ ಎಂಬ ಕುದುರೆಗೂ ಪಂದ್ಯ. ದೂರ ನಾಲ್ಕು ಮೈಲಿಗೂ ಹೆಚ್ಚು, ಪಣ ಮೂರು ಸಾವಿರ ಗಿನಿ. ಚಾವಟಿಯ ಏಟು, ಹಿಮ್ಮಡಿಯ ಮುಳ್ಳಿನ ತಿವಿತ ತಿಂದು ಹ್ಯಾಂಬಲ್ಟೋನಿಯನ್ ಕೂದಲೆಳೆಯಲ್ಲಿ ಗೆದ್ದಿತು. ಒಡೆಯ ಸರ್ ಹೆನ್ರಿ ವೇನ್-ಟೆಂಪೆಸ್ಟನಿಗೆ ಬೇಕಾದದ್ದು ಜಯದ ನೆನಪು. ಎಪ್ಪತ್ತು ದಾಟಿದ್ದ ಸ್ಟಬ್ಸ್ ಬರೆದದ್ದು ಜಯದ ಮುಂದಿನ ಗಳಿಗೆಯನ್ನು: ಕಿವಿ ಹಿಂದಕ್ಕೆ ಮಡಿಸಿ, ಬಾಯಿ ತೆರೆದು, ದಣಿದು ನಿಂತ ಕುದುರೆ, ಒಂದು ಕಡೆ ಲಗಾಮು ಹಿಡಿದ ಪಳಗಿಸುವವನು, ಇನ್ನೊಂದು ಕಡೆ ಅದರ ಬೆನ್ನ ಮೇಲೆ ತೋಳು ಚಾಚಿದ ಲಾಯದ ಹುಡುಗ. ಒಡೆಯ ಎಲ್ಲೂ ಇಲ್ಲ. ಆಳುಗಳಿಬ್ಬರೂ ನಮ್ಮನ್ನೇ ದಿಟ್ಟಿಸುತ್ತಾರೆ, ಆ ನೋಟದಲ್ಲಿ ಹಿಗ್ಗಿಲ್ಲ.

ಪಂದ್ಯ ನೋಡಿ ಚಿತ್ರಕಾರನ ಮನಸ್ಸು ಮರುಗಿತು ಎಂದು ಊಹಿಸುವ ಅಗತ್ಯ ನನಗೆ ಕಾಣುವುದಿಲ್ಲ. ಸ್ನಾಯು ಬಳಲಿದಾಗ ಹೇಗೆ ಕಾಣುತ್ತದೆಂದು ಬಲ್ಲ ಕೈಗೆ ಅದನ್ನು ಮುಚ್ಚಿ ಬರೆಯಲು ಬರಲಿಲ್ಲ, ಅಷ್ಟೆ. ಬ್ರಿಟನ್ನಿನ ಅಶ್ವಪರಂಪರೆ ಎಂದು ಹೆಮ್ಮೆಪಡುವವರು ಮೊದಲು ಎದುರು ನಿಲ್ಲಬೇಕಾದದ್ದು ಈ ಚಿತ್ರದ ಮುಂದೆ. ವೇನ್-ಟೆಂಪೆಸ್ಟ್ ಇದಕ್ಕೆ ಹಣ ಕೊಡಲೊಪ್ಪಲಿಲ್ಲ. ಸ್ಟಬ್ಸ್ ನ್ಯಾಯಾಲಯಕ್ಕೆ ಹೋಗಿ ವಸೂಲು ಮಾಡಬೇಕಾಯಿತು.