ಹಿಟ್ಟಿನ ಹುಂಜವೂ ಭಾಸಲೋಕವೂ

ಪೆಟ್ಟಿಗೆಯಂತಹ ಕನ್ನಡಕವೊಂದನ್ನು ಕಣ್ಣಿಗೆ ಕಟ್ಟಿಕೊಂಡರೆ ಕುಳಿತಲ್ಲಿಯೇ ಬೇರೊಂದು ಲೋಕವು ಸುತ್ತಲೂ ತೆರೆದುಕೊಳ್ಳುತ್ತದೆ. ತಲೆ ತಿರುಗಿಸಿದಂತೆ ನೋಟವೂ ತಿರುಗುತ್ತದೆ. ಇದು ವರ್ಚುವಲ್ ರಿಯಾಲಿಟಿ. ನಿಜವಾದ ಬೀದಿಯ ಮೇಲೆಯೇ ಇಲ್ಲದ ವಸ್ತುವನ್ನು ಮೊಬೈಲಿನ ಪರದೆಯಲ್ಲಿ ಕೂಡಿಸಿ ತೋರಿಸುವುದು ಆಗ್ಮೆಂಟೆಡ್ ರಿಯಾಲಿಟಿ. ಇವೆರಡನ್ನೂ ಸೇರಿಸಿ ಭಾಸಲೋಕವೆಂದು ಕರೆಯೋಣ. ಈ ವಿದ್ಯೆಯ ಮುಂದೆ ಶ್ರಾವಕನು ಕೇಳಬೇಕಾದ ಪ್ರಶ್ನೆಗಳು ಎರಡು. ಇದರಿಂದ ಪ್ರಯೋಜನವೇನು? ಅಲ್ಲಿ ಮಾಡಿದ ಕೃತ್ಯಕ್ಕೆ ಫಲವುಂಟೇ?

ಮೊದಲನೆಯದು ವ್ಯಾಪಾರಿಯ ಪ್ರಶ್ನೆಯಾದುದರಿಂದ ಲೆಕ್ಕವನ್ನೇ ನೋಡೋಣ. 2013ರಲ್ಲಿ ಬಹು ಗದ್ದಲದಿಂದ ಬಂದ ಗೂಗಲ್ ಗ್ಲಾಸ್ ಎಂಬ ಕನ್ನಡಕದ ಮಾರಾಟವನ್ನು ಜನಸಾಮಾನ್ಯರಿಗೆ 2015ರಲ್ಲಿ ನಿಲ್ಲಿಸಲಾಯಿತು. ಭಾಸಲೋಕವೇ ಭವಿಷ್ಯವೆಂದು ಫೇಸ್‌ಬುಕ್ ಸಂಸ್ಥೆಯು 2021ರಲ್ಲಿ ತನ್ನ ಹೆಸರನ್ನೇ ಮೆಟಾ ಎಂದು ಬದಲಿಸಿಕೊಂಡಿತು. ಆದರೆ ಆ ವಿಭಾಗದ ನಷ್ಟವು 2022ರಲ್ಲಿ 1,300 ಕೋಟಿ ಡಾಲರನ್ನೂ 2023ರಲ್ಲಿ 1,600 ಕೋಟಿ ಡಾಲರನ್ನೂ ಮೀರಿತು. 2024ರ ಫೆಬ್ರುವರಿಯಲ್ಲಿ ಆ್ಯಪಲ್ ಕಂಪನಿಯು ಮಾರಾಟಕ್ಕೆ ತಂದ ಯಂತ್ರದ ಬೆಲೆ 3,499 ಡಾಲರು, ಆಗಿನ ದರದಲ್ಲಿ ಸುಮಾರು 2.9 ಲಕ್ಷ ರೂಪಾಯಿ. ಇಂಡಿಯ ನಿಂಬೆಯ ವರ್ತಕನಾಗಲಿ ಮುದ್ದೇಬಿಹಾಳದ ತೊಗರಿಯ ವರ್ತಕನಾಗಲಿ ಈ ಲೆಕ್ಕ ಕೇಳಿದರೆ, ಸರಕಿಗಿಂತ ಡಂಗುರವೇ ದೊಡ್ಡದಾಯಿತೆಂದು ಹೇಳದಿರಲಾರನು.

ಆದರೂ ಸರಕೇ ಸುಳ್ಳೆಂದು ತೀರ್ಮಾನಿಸುವುದು ನ್ಯಾಯವಲ್ಲ. ವಿಮಾನ ನಡೆಸಲು ಕಲಿಯುವವರು ಕೃತಕ ಯಂತ್ರದಲ್ಲಿ ಕುಳಿತು, ಯಾರ ಪ್ರಾಣಕ್ಕೂ ಕುತ್ತಿಲ್ಲದೆ, ಆಪತ್ತನ್ನು ಎದುರಿಸುವ ಅಭ್ಯಾಸ ಮಾಡುತ್ತಾರೆ. ಅಮೇರಿಕೆಯ ವಾಷಿಂಗ್ಟನ್ ವಿಶ್ವವಿದ್ಯಾಲಯದ ಸಂಶೋಧಕರು ಸುಟ್ಟಗಾಯಗಳ ರೋಗಿಗಳಿಗಾಗಿ ಹಿಮದ ಕಣಿವೆಯೊಂದನ್ನು ಭಾಸಲೋಕದಲ್ಲಿ ರಚಿಸಿದರು. ಗಾಯವನ್ನು ತೊಳೆದು ಪಟ್ಟಿ ಬದಲಿಸುವಾಗ ರೋಗಿಯ ಚಿತ್ತವು ಆ ಹಿಮದಲ್ಲಿ ತೊಡಗಿ ನೋವಿನ ಅನುಭವವು ತಗ್ಗುತ್ತದೆ.

ನಮಗೆ ಇನ್ನೂ ಹತ್ತಿರವಾದ ಉಪಯೋಗವೊಂದಿದೆ. ಪ್ರಾಣಿಶಾಸ್ತ್ರದ ವಿದ್ಯಾರ್ಥಿಯು ಕಪ್ಪೆಯನ್ನು ಕೊಯ್ದು ಕಲಿಯಬೇಕೆಂಬ ಪದ್ಧತಿ ನಮ್ಮ ಕಾಲೇಜುಗಳಲ್ಲಿ ಬಹುಕಾಲ ನಡೆಯಿತು. ಎಷ್ಟೋ ಜೈನ ಮನೆಗಳಲ್ಲಿ ಮಕ್ಕಳು ಈ ಒಂದೇ ಕಾರಣಕ್ಕಾಗಿ ವಾಣಿಜ್ಯವನ್ನೋ ಕಲೆಯನ್ನೋ ಆರಿಸಿಕೊಂಡುದುಂಟು. ವಿಶ್ವವಿದ್ಯಾಲಯ ಧನಸಹಾಯ ಆಯೋಗವು ಇದನ್ನು ಹಂತಹಂತವಾಗಿ ಕೈಬಿಡಲು 2011ರಲ್ಲಿ ಮಾರ್ಗಸೂಚಿ ನೀಡಿ, 2014ರಲ್ಲಿ ಪದವಿ ಮತ್ತು ಸ್ನಾತಕೋತ್ತರ ತರಗತಿಗಳಲ್ಲಿ ನಿಷೇಧಿಸಿತು. ಇಂದು ಪರದೆಯ ಮೇಲಿನ ಕಪ್ಪೆಯ ಚರ್ಮವನ್ನು ಬಿಡಿಸಿ, ಹೃದಯವನ್ನು ಕಂಡು, ಮತ್ತೆ ಮುಚ್ಚಬಹುದು. ಜೀವವೊಂದೂ ಹೋಗದು.

ಇನ್ನು ಎರಡನೆಯ ಪ್ರಶ್ನೆ. ಅದಕ್ಕೆ ಕನ್ನಡ ಜೈನ ಸಾಹಿತ್ಯವು ಎಂಟುನೂರು ವರ್ಷಗಳ ಹಿಂದೆಯೇ ಮುಖ ಕೊಟ್ಟಿದೆ. ಜನ್ನನು 1209ರಲ್ಲಿ ರಚಿಸಿದ ‘ಯಶೋಧರ ಚರಿತೆ’ಯಲ್ಲಿ ದುಃಸ್ವಪ್ನದ ಶಾಂತಿಗಾಗಿ ದೇವಿಗೆ ಬಲಿ ಕೊಡಬೇಕೆಂದು ತಾಯಿ ಚಂದ್ರಮತಿ ಹೇಳುತ್ತಾಳೆ. ಜೀವಹಿಂಸೆಗೆ ಒಪ್ಪದ ಯಶೋಧರನು ಕೊನೆಗೆ ಹಿಟ್ಟಿನ ಹುಂಜವನ್ನು ಬಲಿಯಾಗಿ ಕಡಿಯುತ್ತಾನೆ. ಹಿಟ್ಟಿಗೆ ಪ್ರಾಣವಿರಲಿಲ್ಲ, ಆದರೆ ಕಡಿದ ಕೈಯ ಹಿಂದೆ ಕೊಲ್ಲುವ ಸಂಕಲ್ಪವಿತ್ತು. ಆ ಸಂಕಲ್ಪದ ಫಲವಾಗಿ ತಾಯಿ ಮಗ ಇಬ್ಬರೂ ಪಶುಪಕ್ಷಿಗಳ ಜನ್ಮಗಳಲ್ಲಿ ತೊಳಲುತ್ತಾರೆ. ದ್ರವ್ಯಹಿಂಸೆ ನಡೆಯದಿದ್ದರೂ ಭಾವಹಿಂಸೆ ಬಂಧಕವೆಂಬುದು ಇಲ್ಲಿಯ ತತ್ತ್ವ.

ಹಾಗಾದರೆ ಭಾಸಲೋಕದಲ್ಲಿ ಶತ್ರುವನ್ನು ಗುಂಡಿಟ್ಟು ಕೊಲ್ಲುವ ಬಾಲಕನ ಗತಿಯೇನು? ಅದು ಆಟ, ಆಡುವವನಿಗೂ ಅದು ಗೊತ್ತು ಎಂದು ಕೆಲವರು ಹೇಳುವರು. ಈ ಮಾತಿನಲ್ಲಿ ಸತ್ಯಾಂಶವಿದೆ. ಚದುರಂಗದಲ್ಲಿ ಆನೆಯನ್ನು ಹೊಡೆಯುವವನಿಗೆ ಕೊಲ್ಲುವ ಭಾವವಿಲ್ಲ; ಅವನ ಚಿತ್ತವೆಲ್ಲ ಮುಂದಿನ ನಡೆಯಲ್ಲಿರುತ್ತದೆ. ಆದರೆ ಈ ಯಂತ್ರದ ಹೆಗ್ಗಳಿಕೆಯೇ ಆಟವೆಂಬ ಅರಿವನ್ನು ಮರೆಸುವುದು. ಕೈಯೆತ್ತಿದರೆ ಆಯುಧವೇಳುತ್ತದೆ, ಎದುರಿನವನು ನೆತ್ತರು ಕಾರಿ ಬೀಳುತ್ತಾನೆ, ಬಿದ್ದಾಗ ಹರ್ಷವಾಗುತ್ತದೆ. ಭಾಸವು ವಾಸ್ತವಕ್ಕೆ ಸಮೀಪಿಸಿದಷ್ಟೂ ಆಡುವವನ ಭಾವವು ನಿಜವಾದ ಕ್ರೌರ್ಯಕ್ಕೆ ಸಮೀಪಿಸುತ್ತದೆ. ಸಮಂತಭದ್ರಾಚಾರ್ಯರು ‘ರತ್ನಕರಂಡಕ ಶ್ರಾವಕಾಚಾರ’ದಲ್ಲಿ ಹೇಳಿದ ಐದು ಅನರ್ಥದಂಡಗಳಲ್ಲಿ ಅಪಧ್ಯಾನವೂ ಒಂದು. ಪರರ ವಧೆಯನ್ನು ಮನಸ್ಸಿನಲ್ಲಿ ಚಿಂತಿಸುತ್ತ ಕೂಡುವುದಕ್ಕೆ ಇದಕ್ಕಿಂತ ಅನುಕೂಲವಾದ ಸಾಧನ ಹಿಂದೆಂದೂ ಇರಲಿಲ್ಲ.

ಪರದೆಯ ಕಪ್ಪೆಯೂ ಹಿಟ್ಟಿನ ಹುಂಜದಂತೆ ನಿರ್ಜೀವವೇ. ಎರಡರಲ್ಲಿಯೂ ಕತ್ತಿ ಆಡುತ್ತದೆ. ಆದರೆ ಹುಂಜವನ್ನು ಮಾಡಿದ್ದು ಕೊಲೆಯನ್ನು ನಡೆಸುವುದಕ್ಕಾಗಿ, ಕಪ್ಪೆಯನ್ನು ಮಾಡಿದ್ದು ಕೊಲೆಯನ್ನು ತಪ್ಪಿಸುವುದಕ್ಕಾಗಿ. ಸಾಧನವೊಂದೇ ಆದರೂ ಭಾವಭೇದದಿಂದ ಫಲಭೇದ.

ಇದೇ ವಿವೇಕವನ್ನು ಮತ್ತೊಂದು ಪ್ರಕರಣಕ್ಕೂ ಅನ್ವಯಿಸಬಹುದು. ಪೊಕೆಮಾನ್ ಗೋ ಎಂಬ ಮೊಬೈಲ್ ಆಟದಲ್ಲಿ ಕಾಣುವ ಮೊಟ್ಟೆಗಳು ಹಿಂದೂ ಹಾಗೂ ಜೈನ ದೇವಾಲಯಗಳ ಸ್ಥಳದಲ್ಲಿಯೂ ದೊರೆಯುತ್ತವೆಂದು ಆಕ್ಷೇಪಿಸಿದ ಅರ್ಜಿಯ ಮೇಲೆ ಗುಜರಾತ್ ಹೈಕೋರ್ಟು 2016ರ ಸೆಪ್ಟೆಂಬರಿನಲ್ಲಿ ನೋಟೀಸು ನೀಡಿತು. ಭಕ್ತರಿಗಾದ ನೋವನ್ನು ಹಗುರವಾಗಿ ಕಾಣಬಾರದು. ಆದರೂ ಆ ಮೊಟ್ಟೆಯನ್ನು ತಿನ್ನುವ ಸಂಕಲ್ಪ ಆಡುವವನಿಗಿಲ್ಲ. ಬಸದಿಯ ಪ್ರಾಕಾರದಲ್ಲಿ ಬೇಟೆಯ ಚಿತ್ತದಿಂದ ತಿರುಗುವ ಅವಿನಯವೇ ಅಲ್ಲಿಯ ದೊಡ್ಡ ದೋಷ. ಮೊಟ್ಟೆಯ ಬದಲು ಹೂವಿದ್ದರೂ ಆ ದೋಷ ಹೋಗದು.

ದರ್ಶನದ ವಿಷಯವನ್ನು ಬಸದಿಗಳ ಟ್ರಸ್ಟಿನವರು ವಿಚಾರಿಸಬೇಕು. ಸಿಂದಗಿಯಿಂದ ಶ್ರವಣಬೆಳಗೊಳ ಐನೂರು ಕಿಲೋಮೀಟರಿಗೂ ದೂರ. ವಿಂಧ್ಯಗಿರಿಗೆ ಆರುನೂರಕ್ಕೂ ಹೆಚ್ಚು ಮೆಟ್ಟಿಲು. ಹಾಸಿಗೆ ಹಿಡಿದ ವೃದ್ಧೆಗೆ ಮೊಮ್ಮಗನು ಕನ್ನಡಕದಲ್ಲಿ ಬಾಹುಬಲಿಯ 58 ಅಡಿಯ ಮೂರ್ತಿಯನ್ನು ತೋರಿಸಿದರೆ, ಅದು ಬರಿಯ ಚಿತ್ರವೆಂದು ಹಳಿಯಲು ನಮಗೆ ಅಧಿಕಾರವಿಲ್ಲ. ಬಸದಿಯ ಪ್ರತಿಮೆಯನ್ನೂ ನಾವು ಸ್ಥಾಪನಾ ನಿಕ್ಷೇಪದಿಂದಲೇ ಜಿನನೆಂದು ವಂದಿಸುತ್ತೇವೆ. ಅವಳ ಕಣ್ಣೀರಿನ ಭಾವವು ಮಿಥ್ಯೆಯಲ್ಲ. ಆದರೆ ಕಾಲು ಗಟ್ಟಿಯಿರುವವನು ಅದನ್ನೇ ಯಾತ್ರೆಯೆಂದರೆ ಒಪ್ಪಲಾಗದು. ವಿಜಯಪುರದ ಸಹಸ್ರಫಣಿ ಪಾರ್ಶ್ವನಾಥನ ಮೇಲೆ ಎರೆದ ಹಾಲು 1,008 ಹೆಡೆಗಳಲ್ಲಿ ಹರಿಯುವುದನ್ನು ಯಂತ್ರವು ತೋರಿಸೀತು; ಹಾಲನ್ನು ತಂದು ಎರೆದವನ ತ್ಯಾಗವನ್ನು ಅದು ಕೊಡಲಾರದು. ಯಾತ್ರೆಯೆಂದರೆ ನೋಟ ಮಾತ್ರವಲ್ಲ. ಅಂಗಡಿಯ ಬಾಗಿಲು ಹಾಕಿ, ಪ್ರಯಾಣದ ಶ್ರಮವನ್ನು ಸಹಿಸಿ, ಸಂಘದೊಡನೆ ನಡೆಯುವುದು.

ಆದುದರಿಂದ ಬಸವನ ಬಾಗೇವಾಡಿಯಲ್ಲಾಗಲಿ ಇಂಡಿಯಲ್ಲಾಗಲಿ ಯಾವುದೇ ಟ್ರಸ್ಟು ದಾನದ ಹಣದಿಂದ ಇಂಥ ಸಾಧನವನ್ನು ಕೊಳ್ಳುವ ಮುನ್ನ ಮೂರು ಮಾತು ಕೇಳಲಿ. ಇದರಿಂದ ಯಾವುದಾದರೊಂದು ಜೀವ ಉಳಿಯುವುದೇ, ಅಥವಾ ಒಂದು ನೋವು ತಗ್ಗುವುದೇ? ಬರಲಾಗದವರಿಗೆ ದೊರೆಯುವುದೇ, ಅಥವಾ ಬರಬಲ್ಲವರನ್ನೇ ಮನೆಯಲ್ಲಿ ಕೂಡಿಸುವುದೇ? ಹೊಸತನ ಮಾಸಿದ ಮೇಲೆಯೂ ಉಪಯೋಗಕ್ಕೆ ಬರುವುದೇ? ಮಕ್ಕಳಿಗೆ ಕೊಡಿಸುವ ತಂದೆತಾಯಿಗಳು ನಾಲ್ಕನೆಯದೊಂದನ್ನು ಸೇರಿಸಿಕೊಳ್ಳಲಿ: ಕನ್ನಡಕವನ್ನು ಬಿಚ್ಚಿದ ಮೇಲೆ ಮಗುವಿನ ಮನಸ್ಸಿನಲ್ಲಿ ದಯೆ ಹೆಚ್ಚಿತೇ, ಕುಗ್ಗಿತೇ? ಕಂಡ ಲೋಕವು ಯಂತ್ರದೊಡನೆ ಆರಿಹೋಗುತ್ತದೆ. ಅಲ್ಲಿ ತಳೆದ ಭಾವವು ಜೀವದೊಡನೆ ಉಳಿಯುತ್ತದೆ.