ತೂಕ ಸರಿಯಿದ್ದರೆ ಸಾಕೆ?

ನಾನು ದುಡಿಯುವ ಕೊಲ್ಲಿ ನಾಡಿನ ಹಣ ದಿರ್ಹಮ್. ಆ ಹೆಸರಿನ ಬೇರು ಗ್ರೀಕರ ‘ದ್ರಾಖ್ಮಾ’ದಲ್ಲಿದೆ. ನಮ್ಮ ಹಳೆಯ ಶಾಸನಗಳ ‘ದ್ರಮ್ಮ’ವೂ ಅದೇ ಬಳ್ಳಿಯದು. ದ್ರಾಖ್ಮಾ ಎಂದರೆ ಒಂದು ಹಿಡಿ. ನಾಣ್ಯಕ್ಕೂ ಮೊದಲು ಕಬ್ಬಿಣದ ಸಲಾಕೆಗಳು ಹಣವಾಗಿದ್ದವು, ಕೈಯಲ್ಲಿ ಹಿಡಿಯುವಷ್ಟು ಆರು ಸಲಾಕೆಗಳೇ ಒಂದು ದ್ರಾಖ್ಮಾ ಎಂದು ಗ್ರೀಕರು ಹೇಳಿಕೊಳ್ಳುತ್ತಿದ್ದರು. ಸಲಾಕೆಯ ಹೆಸರು ‘ಒಬೊಲ್’ ಎಂಬ ಚಿಲ್ಲರೆ ನಾಣ್ಯಕ್ಕೆ ಉಳಿಯಿತು. ಆರು ಒಬೊಲ್‌ಗೆ ಒಂದು ದ್ರಾಖ್ಮಾ.

ಆದರೆ ಹಿಡಿ ಯಾರ ಕೈಯದು? ಅಥೆನ್ಸಿನ ದ್ರಾಖ್ಮಾದಲ್ಲಿ ಸುಮಾರು 4.3 ಗ್ರಾಂ ಬೆಳ್ಳಿ. ಹತ್ತಿರದ ಏಜಿನಾ ದ್ವೀಪದ್ದರಲ್ಲಿ 6 ಗ್ರಾಂಗೂ ಮಿಗಿಲು. ಕೊರಿಂತಿನವರು 8.6 ಗ್ರಾಂನ ನಾಣ್ಯವನ್ನು ಮೂರು ದ್ರಾಖ್ಮಾ ಎಂದೆಣಿಸಿದರೆ, ಅಷ್ಟೇ ಬೆಳ್ಳಿ ಅಥೆನ್ಸಿನವರಿಗೆ ಎರಡೇ ದ್ರಾಖ್ಮಾ. ಇವರಲ್ಲಿ ಸುಳ್ಳರು ಯಾರು? ಯಾರೂ ಅಲ್ಲ. ಗೂಬೆ ಅಥೆನ್ಸಿನದು, ಆಮೆ ಏಜಿನಾದ್ದು ಎಂದು ಮುದ್ರೆಯೇ ಹೇಳುತ್ತಿತ್ತು. ಅಳತೆ ಬೇರೆಯಾಗಿರುವುದು ಮೋಸವಲ್ಲ, ಮುಚ್ಚಿಡುವುದು ಮೋಸ.

ಅರಿಸ್ಟಾಟಲ್ ಇದನ್ನು ಚೆನ್ನಾಗಿ ಕಂಡಿದ್ದ. ನಾಣ್ಯಕ್ಕೆ ಗ್ರೀಕಿನಲ್ಲಿ ‘ನೊಮಿಸ್ಮಾ’, ಕಟ್ಟಳೆಗೆ ‘ನೊಮೊಸ್’. ಹಣದ ಬೆಲೆ ಪ್ರಕೃತಿಯಿಂದ ಬಂದದ್ದಲ್ಲ, ನಾವು ಮಾಡಿಕೊಂಡದ್ದು, ಬದಲಿಸುವುದೂ ನಮ್ಮ ಕೈಯಲ್ಲಿದೆ ಎಂದ.

ಆ ಕಟ್ಟಳೆಯನ್ನು ಕಾಯುತ್ತಿದ್ದವರು ಯಾರು? ಕ್ರಿ.ಪೂ. 375ರಲ್ಲಿ ಅಥೆನ್ಸಿನ ಕಾನೂನೊಂದನ್ನು ಕಲ್ಲಿನಲ್ಲಿ ಕೊರೆಸಿದರು. ಸಂತೆಯಲ್ಲಿ ಒಬ್ಬ ಪರೀಕ್ಷಕ ಕೂರಬೇಕು. ಒಳಗೆ ತಾಮ್ರವೋ ಸೀಸವೋ ಇರುವ ಖೋಟಾ ನಾಣ್ಯವನ್ನು ಅಲ್ಲೇ ಕತ್ತರಿಸಬೇಕು. ಅವನು ಒಪ್ಪಿದ ಬೆಳ್ಳಿಯನ್ನು ಬೇಡವೆಂದ ವ್ಯಾಪಾರಿಯ ಆ ದಿನದ ಸರಕು ಜಪ್ತಿ. ಎಂಥ ಅಚ್ಚುಕಟ್ಟು! ಮುಂದೆ ಓದಿದರೆ ಆ ಪರೀಕ್ಷಕ ಊರಿನ ಗುಲಾಮ. ಕೆಲಸಕ್ಕೆ ತಪ್ಪಿದರೆ ಅವನಿಗೆ 50 ಛಡಿ ಏಟು. ಅವನು ಪರೀಕ್ಷಿಸುತ್ತಿದ್ದ ಬೆಳ್ಳಿ ಬರುತ್ತಿದ್ದುದು ಲಾರಿಯಮ್ ಗಣಿಗಳಿಂದ. ಅಲ್ಲಿ ಅಗೆಯುತ್ತಿದ್ದವರೂ ಗುಲಾಮರೇ.

ಬೆಳ್ಳಿಯನ್ನು ಅಷ್ಟು ನಿಷ್ಠೆಯಿಂದ ತೂಗಿದ ಊರು ಮನುಷ್ಯನನ್ನು ತೂಗುವಾಗ ತಪ್ಪಿತು. ಅರಿಸ್ಟಾಟಲನೂ ತಪ್ಪಿದ. ನಾಣ್ಯ ಕಟ್ಟಳೆಯ ಕೂಸು ಎಂದವನೇ, ಕೆಲವರು ಪ್ರಕೃತಿಯಿಂದಲೇ ಗುಲಾಮರು ಎಂದ. ತಕ್ಕಡಿಯ ನ್ಯಾಯ ತೂಗಿದ ವಸ್ತುವಿನ ಮಟ್ಟಿಗೆ ಮಾತ್ರ. ತಕ್ಕಡಿ ಹಿಡಿದವನ ಪಾಡನ್ನು ಅದು ತೂಗುವುದಿಲ್ಲ.

ತಿಂಗಳ ಮೊದಲ ವಾರ ಊರಿಗೆ ಹಣ ಕಳಿಸುವ ಸಾಲಿನಲ್ಲಿ ನಿಂತಾಗ ಇದು ನೆನಪಾಗುತ್ತದೆ. ಮುಂದೆ ಕೆಲಸದ ಬಟ್ಟೆಯಲ್ಲೇ ಬಂದ ಕಟ್ಟಡ ಕಾರ್ಮಿಕ, ಹಿಂದೆ ನಾನು. ಗಾಜಿನ ಮೇಲಿನ ದರ ಇಬ್ಬರಿಗೂ ಒಂದೇ, ಪೈಸೆಯೂ ಹೆಚ್ಚುಕಡಿಮೆಯಿಲ್ಲ. ಆದರೆ ಅವನ ತಿಂಗಳ ಬೆವರು ನನ್ನ ಮೂರು ದಿನದ ಸಂಬಳ. ಅವನು ಗುಲಾಮನಲ್ಲ, ಹೋಲಿಕೆಯನ್ನು ಅಷ್ಟು ದೂರ ಎಳೆಯಬಾರದು. ನನ್ನ ಓದಿಗೂ ಒಂದು ಬೆಲೆಯಿದೆ, ನಿಜ. ಆದರೂ ಈ ಅಂತರವನ್ನು ‘ಸಹಜ’ ಎಂದುಕೊಳ್ಳುವಾಗ ನಾನು ಅರಿಸ್ಟಾಟಲನ ತಪ್ಪನ್ನೇ ಮಾಡುತ್ತಿದ್ದೇನೆ. ಇದೂ ನಾವು ಮಾಡಿಕೊಂಡ ಕಟ್ಟಳೆ. ಹಾಗಿದ್ದರೆ, ಅವನದೇ ಮಾತಿನಂತೆ, ಬದಲಿಸುವುದೂ ನಮ್ಮ ಕೈಯಲ್ಲೇ ಇದೆ.